ಹಲ್ಲಿನ ಮೊನೆಯಲ್ಲಿ ಒಂದು ಖಂಡ: ದಕ್ಷಿಣ ಅಮೆರಿಕದ ಪಳೆಯುಳಿಕೆ ದಂಶಕಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಾತಿನ ನಡುವೆ, ಪತ್ರಗಳಲ್ಲಿ, ಪ್ರತಿಕ್ರಿಯೆಗಳಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳಿವು. ಕೇಳಿದವರ ಮಾತನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದ್ದೇನೆ. ಹೆಚ್ಚಿನವರು ದೈತ್ಯ ಇಲಿಯ ಸುದ್ದಿ ಓದಿ ಬರುತ್ತಾರೆ. ನನ್ನ ಒಲವು ಸಾಸಿವೆ ಗಾತ್ರದ ಹಲ್ಲುಗಳ ಕಡೆಗೆ. ಉತ್ತರಗಳಲ್ಲಿ ಆ ಪಕ್ಷಪಾತ ಕಂಡರೆ ಅದು ಬೇಕೆಂದೇ ಇರುವುದು.

## ಮೊದಲಿಗೆ

ದಂಶಕ ಎಂದರೆ ಇಲಿ, ಹೆಗ್ಗಣ ತಾನೆ? ಮೊಲವೂ ಸೇರುತ್ತದೆಯೇ?

ಮೊಲ ಸೇರುವುದಿಲ್ಲ. ಅದರ ಮೇಲ್ದವಡೆಯ ಬಾಚಿಹಲ್ಲುಗಳ ಹಿಂದೆ ಇನ್ನೊಂದು ಜೊತೆ ಪುಟ್ಟ ಹಲ್ಲುಗಳಿರುತ್ತವೆ, ಅದರ ಬಳಗವೇ ಬೇರೆ. ದಂಶಕಗಳಿಗೆ ಮೇಲೊಂದು ಜೊತೆ, ಕೆಳಗೊಂದು ಜೊತೆ ಬಾಚಿಹಲ್ಲು, ಅಷ್ಟೇ. ಅವು ಬದುಕಿರುವವರೆಗೂ ಬೆಳೆಯುತ್ತಲೇ ಇರುತ್ತವೆ. ಗಟ್ಟಿ ಎನಾಮೆಲ್ ಮುಂಭಾಗದಲ್ಲಿ ಮಾತ್ರ ಇರುವುದರಿಂದ ಹಿಂಭಾಗ ಬೇಗ ಸವೆದು, ತುದಿ ಉಳಿಯಂತೆ ಚೂಪಾಗಿಯೇ ಉಳಿಯುತ್ತದೆ. ಇಲಿ, ಹೆಗ್ಗಣ, ಅಳಿಲು, ಮುಳ್ಳುಹಂದಿ, ಬೀವರ್ ಎಲ್ಲವೂ ಈ ಗುಂಪಿನವು. ಇಂದು ಬದುಕಿರುವ ಸಸ್ತನಿ ಪ್ರಭೇದಗಳಲ್ಲಿ ಹೆಚ್ಚು ಕಡಿಮೆ ನೂರಕ್ಕೆ ನಲವತ್ತು ದಂಶಕಗಳೇ.

ದಕ್ಷಿಣ ಅಮೆರಿಕದ ದಂಶಕಗಳಲ್ಲಿ ಅಷ್ಟೇನು ವಿಶೇಷ? ಇಲಿ ಎಲ್ಲಿದ್ದರೂ ಇಲಿಯೇ ಅಲ್ಲವೇ?

ಗಿನಿ ಪಿಗ್, ಕ್ಯಾಪಿಬಾರಾ, ಚಿಂಚಿಲ್ಲಾ, ಅಗೂಟಿ, ಪಾಕಾ, ಮಾರಾ, ಬಾಲದಿಂದ ಕೊಂಬೆ ಹಿಡಿಯುವ ಮುಳ್ಳುಹಂದಿ, ನೆಲದಡಿಯಲ್ಲೇ ಬಾಳು ಸವೆಸುವ ಟುಕೊಟುಕೊ: ಇವೆಲ್ಲ ಒಂದೇ ವಂಶದ ಕುಡಿಗಳು. ಈ ವಂಶವನ್ನು ಕ್ಯಾವಿಯೊಮಾರ್ಫ್ ಎನ್ನುತ್ತಾರೆ. ದಕ್ಷಿಣ ಅಮೆರಿಕ ಕೋಟ್ಯಂತರ ವರ್ಷ ಬೇರೆ ಖಂಡಗಳಿಂದ ಕಡಿದುಕೊಂಡು, ನಾಲ್ಕೂ ಕಡೆ ನೀರಿನಿಂದ ಸುತ್ತುವರಿದು ನಿಂತಿತ್ತು. ಅಲ್ಲಿ ಜಿಂಕೆಗಳಿರಲಿಲ್ಲ, ಮೊಲಗಳಿರಲಿಲ್ಲ. ಬೇರೆಡೆ ಚಿಕ್ಕ ಜಿಂಕೆಯೋ ಮೊಲವೋ ಮಾಡುವ ಕೆಲಸವನ್ನು ಅಲ್ಲಿ ದಂಶಕಗಳು ಮಾಡಿದವು. ಪಟಗೋನಿಯಾದ ಮಾರಾ ಓಡುವುದನ್ನು ಮೊದಲ ಸಲ ನೋಡಿದವರು ಅದನ್ನು ಗಿನಿ ಪಿಗ್ಗಿನ ಬಂಧು ಎಂದು ಒಪ್ಪುವುದೇ ಕಷ್ಟ. ಉದ್ದ ಕಾಲು, ನಿಗುರಿದ ಕಿವಿ, ಚಿಮ್ಮುವ ಓಟ.

ದೊಡ್ಡ ಪ್ರಾಣಿಗಳ ಎಲುಬು ಬಿಟ್ಟು ಇಲಿಯ ಹಲ್ಲಿನ ಹಿಂದೆ ಏಕೆ ಬೀಳುತ್ತಾರೆ?

ಮೂರು ಕಾರಣ. ಅವು ಹೇರಳವಾಗಿ ಸಿಗುತ್ತವೆ. ಪ್ರಭೇದಗಳು ಬೇಗ ಬದಲಾಗುವುದರಿಂದ ಶಿಲಾಪದರದ ವಯಸ್ಸನ್ನು ಅಂದಾಜಿಸಲು ನೆರವಾಗುತ್ತವೆ. ಮೂರನೆಯದೇ ಮುಖ್ಯ: ಚಿಕ್ಕ ಪ್ರಾಣಿ ತನ್ನ ಊರು ಬಿಟ್ಟು ದೂರ ಹೋಗುವುದಿಲ್ಲ. ಆನೆಯಂಥ ಪ್ರಾಣಿ ಒಂದು ಋತುವಿನಲ್ಲಿ ಕಾಡು, ಬಯಲು, ನದಿಪಾತ್ರ ಎಲ್ಲವನ್ನೂ ಸುತ್ತಿ ಬರಬಹುದು. ಅದರ ಎಲುಬು ಯಾವ ಜಾಗಕ್ಕೆ ಸಾಕ್ಷಿ ಎಂದು ಹೇಳುವುದು ಕಷ್ಟ. ಇಲಿಯೊಂದು ಕೆಲವು ನೂರು ಮೀಟರಿನೊಳಗೆ ಹುಟ್ಟಿ, ಮೇಯ್ದು, ಸಾಯುತ್ತದೆ. ಅಲ್ಲಿನ ಮಣ್ಣು, ಮಳೆ, ಗಿಡಗಳೇ ಅದರ ಲೋಕ.

ಒಂದೆರಡು ಮಿಲಿಮೀಟರಿನ ಹಲ್ಲು ಮಣ್ಣಿನಲ್ಲಿ ಹೇಗೆ ಕಾಣುತ್ತದೆ?

ಬರಿಗಣ್ಣಿಗೆ ಕಾಣುವುದಿಲ್ಲ. ಪದರದಿಂದ ಮಣ್ಣನ್ನು ಚೀಲಗಟ್ಟಲೆ ತುಂಬಿ ತರುತ್ತಾರೆ. ಚೆನ್ನಾಗಿ ಒಣಗಿಸಿ ನೀರಿಗೆ ಹಾಕಿದರೆ ಹೆಂಟೆ ಬಿರಿದು ಕರಗುತ್ತದೆ. ಆ ಕೆಸರನ್ನು ಸಣ್ಣ ಕಣ್ಣಿನ ಜರಡಿಗಳಲ್ಲಿ ತೊಳೆದು, ಉಳಿದ ಮರಳನ್ನು ಒಣಗಿಸಿ, ಸೂಕ್ಷ್ಮದರ್ಶಕದಡಿಯಲ್ಲಿ ಚಿಟಿಕೆ ಚಿಟಿಕೆಯಾಗಿ ಹರಡಿ, ತೇವದ ಕುಂಚದ ತುದಿಯಿಂದ ಹಲ್ಲುಗಳನ್ನು ಆರಿಸುತ್ತಾರೆ. ಸುದ್ದಿಯಾಗುವ ಕೆಲಸವಲ್ಲ. ಒಂದು ಚೀಲ ಪೂರ್ತಿ ಜಾಲಾಡಿದರೂ ಮೀನಿನ ಮುಳ್ಳಿನ ಹೊರತು ಏನೂ ಸಿಗದೆ ಹೋಗಬಹುದು.

## ಬಂದ ದಾರಿ

ಆಫ್ರಿಕದಿಂದ ಅಟ್ಲಾಂಟಿಕ್ ದಾಟಿ ಬಂದವಂತೆ. ಇಲಿಗಳು ಸಾಗರ ದಾಟುವುದೆಂದರೆ ಕಟ್ಟುಕಥೆಯಂತಿದೆಯಲ್ಲ?

ಕೇಳಿದಾಗ ಹಾಗನ್ನಿಸುವುದು ಸಹಜ. ಆದರೆ ಉಳಿದ ದಾರಿಗಳನ್ನು ಒಂದೊಂದಾಗಿ ಮುಚ್ಚಿ ನೋಡಿ. ಎರಡು ಖಂಡಗಳು ಬೇರೆಯಾಗಿದ್ದು ಸುಮಾರು ಹತ್ತು ಕೋಟಿ ವರ್ಷದ ಹಿಂದೆ. ಆಗ ಈ ಗುಂಪಿನ ದಂಶಕಗಳು ಇನ್ನೂ ಹುಟ್ಟಿರಲಿಲ್ಲ. ಉತ್ತರ ಅಮೆರಿಕದಿಂದ ಬಂದವೆನ್ನಲು ಅಲ್ಲಿ ಅವುಗಳ ಪೂರ್ವಜರ ಪಳೆಯುಳಿಕೆ ಇಲ್ಲ. ಅತ್ತ ಈಜಿಪ್ಟಿನ ಫಯೂಮ್ ಪ್ರದೇಶದ ಹಳೆಯ ದಂಶಕಗಳ ಹಲ್ಲು ಮತ್ತು ದವಡೆಗಳಿಗೂ ದಕ್ಷಿಣ ಅಮೆರಿಕದ ಮೊದಲ ದಂಶಕಗಳಿಗೂ ಹೋಲಿಕೆ ಎದ್ದು ಕಾಣುತ್ತದೆ. ಬದುಕಿರುವ ಪ್ರಾಣಿಗಳ ಡಿಎನ್‌ಎ ಕೂಡ ಅದೇ ಕಡೆ ಬೆರಳು ತೋರಿಸುತ್ತದೆ.

ಗಟ್ಟಿ ಪುರಾವೆ ಪೆರು ದೇಶದ ಅಮೆಜಾನ್ ಭಾಗದಿಂದ ಬಂತು. ಉಕಯಾಲಿ ನದಿಯ ಹತ್ತಿರದ ಕೊಂಟಮಾನ ಎಂಬಲ್ಲಿ ಸಿಕ್ಕ ಹಲ್ಲುಗಳನ್ನು ಪಿಯರ್-ಒಲಿವಿಯೆ ಆಂಟ್ವಾನ್ ಮತ್ತು ಸಂಗಡಿಗರು 2012ರಲ್ಲಿ ವರ್ಣಿಸಿದರು. ಅವುಗಳ ವಯಸ್ಸು ಸುಮಾರು 4.1 ಕೋಟಿ ವರ್ಷ. ಕಾಚಿಯಾಕುಯ್, ಕಾನಾನಿಮಿಸ್ ಎಂದು ಹೆಸರು ಪಡೆದ ಈ ಪ್ರಾಣಿಗಳು ಚಿಕ್ಕವು, ಹಲ್ಲುಗಳು ಗಿಡ್ಡ. ಬಿಸಿಯಾದ, ತೇವದ ಮಳೆಕಾಡಿನ ಜೀವಿಗಳು.

ಆ ಕಾಲದ ಅಟ್ಲಾಂಟಿಕ್ ಇಂದಿನಷ್ಟು ಅಗಲವಿರಲಿಲ್ಲ. ದೊಡ್ಡ ನದಿಗಳು ಪ್ರವಾಹದಲ್ಲಿ ದಡವನ್ನೇ ಕಿತ್ತು, ಮರ ಬೇರುಗಳ ಸಮೇತ ತೇಲುವ ನಡುಗಡ್ಡೆಗಳನ್ನು ಸಮುದ್ರಕ್ಕೆ ತಳ್ಳುವುದು ಇಂದಿಗೂ ನಡೆಯುತ್ತದೆ. ಬಹುಪಾಲು ಮುಳುಗಿಯೇ ಹೋಗುತ್ತವೆ. ಲಕ್ಷಾಂತರ ವರ್ಷಗಳಲ್ಲಿ ಒಂದು ದಡ ಮುಟ್ಟಿದರೂ ಸಾಕು. ಕೋತಿಗಳೂ ಇದೇ ದಾರಿ ಹಿಡಿದು ಬಂದವು. ಪೆರುವಿನ ಸಾಂತಾ ರೋಸಾದಲ್ಲಿ ಸಿಕ್ಕ ಉಕಯಾಲಿಪಿತಿಕಸ್ ಎಂಬ ಕೋತಿಯ ಹಲ್ಲುಗಳು ಆಫ್ರಿಕದ ಇನ್ನೊಂದು ಅಳಿದ ಕುಟುಂಬದವು ಎಂದು 2020ರಲ್ಲಿ ಗೊತ್ತಾಯಿತು. ಅಂದರೆ ದಾಟಿದ್ದು ಒಂದೇ ಸಲವಲ್ಲ.

ನಮ್ಮ ಕಾಡಿನ ಮುಳ್ಳುಹಂದಿಗೂ ಅಲ್ಲಿಯ ಮುಳ್ಳುಹಂದಿಗೂ ನಂಟಿದೆಯೇ?

ದೂರದ ನಂಟು. ಕರ್ನಾಟಕದ ಕುರುಚಲು ಕಾಡುಗಳಲ್ಲಿ ರಾತ್ರಿ ಅಡ್ಡಾಡುವ ಮುಳ್ಳುಹಂದಿಯೂ ಗಿನಿ ಪಿಗ್ಗೂ ಒಂದೇ ದೊಡ್ಡ ಬಳಗಕ್ಕೆ ಸೇರಿದವು. ಕೆಳದವಡೆಯ ರಚನೆ ಅದಕ್ಕೆ ಗುರುತು. ಮುಳ್ಳುಗಳು ಮಾತ್ರ ಎರಡು ಕಡೆ ಬೇರೆ ಬೇರೆಯಾಗಿ ಹುಟ್ಟಿಕೊಂಡವು. ಅಮೆರಿಕದ ಮುಳ್ಳುಹಂದಿ ಮರ ಹತ್ತುತ್ತದೆ, ನಮ್ಮದು ನೆಲ ಬಿಡುವುದಿಲ್ಲ. ವಂಶವೃಕ್ಷದಲ್ಲಿ ಅದು ನಮ್ಮ ಮುಳ್ಳುಹಂದಿಗಿಂತ ಕ್ಯಾಪಿಬಾರಾಕ್ಕೇ ಹತ್ತಿರ.

## ದೈತ್ಯರು

ಎಮ್ಮೆ ಗಾತ್ರದ ಇಲಿ ಇತ್ತಂತೆ. ನಿಜವೇ?

ಇಲಿಯಲ್ಲ, ಆದರೆ ದಂಶಕ ನಿಜ. ಹೆಸರು ಜೋಸೆಫೊಆರ್ಟಿಗಾಸಿಯಾ ಮೊನೆಸಿ. ಉರುಗ್ವೆಯ ರಿಯೊ ಡಿ ಲಾ ಪ್ಲಾಟಾ ತೀರದ ಕಿಯೂ ಬಳಿ ಬಂಡೆಯಿಂದ ಬಿದ್ದ ತುಂಡಿನಲ್ಲಿ ಅದರ ತಲೆಬುರುಡೆ ಹವ್ಯಾಸಿ ಸಂಗ್ರಾಹಕರೊಬ್ಬರ ಕಣ್ಣಿಗೆ ಬಿತ್ತು. ಮೊಂಟೆವಿಡಿಯೊದ ವಸ್ತುಸಂಗ್ರಹಾಲಯ ಸೇರಿದ ಅದು ವರ್ಷಗಟ್ಟಲೆ ಅಲ್ಲೇ ಇತ್ತು. ಆಂಡ್ರೆಸ್ ರಿಂಡರ್ಕ್ನೆಕ್ಟ್ ಮತ್ತು ಅರ್ನೆಸ್ಟೊ ಬ್ಲಾಂಕೊ ಅದನ್ನು ಅಭ್ಯಸಿಸಿ 2008ರಲ್ಲಿ ಪ್ರಕಟಿಸಿದರು. ಬುರುಡೆಯ ಉದ್ದ 53 ಸೆಂಟಿಮೀಟರ್. ಕಾಲ ಸುಮಾರು 40 ಲಕ್ಷದಿಂದ 20 ಲಕ್ಷ ವರ್ಷಗಳ ಹಿಂದೆ.

ಇದರ ಕುಟುಂಬದಲ್ಲಿ ಇಂದು ಉಳಿದಿರುವುದು ಪಕರಾನಾ ಎಂಬ ಒಂದೇ ಪ್ರಾಣಿ. ಆಂಡೀಸ್ ತಪ್ಪಲಿನ ಕಾಡುಗಳಲ್ಲಿ ನಿಧಾನವಾಗಿ ನಡೆದಾಡುವ, ಹತ್ತು-ಹದಿನೈದು ಕೆ.ಜಿ. ತೂಗುವ ಸಾಧು ಜೀವಿ. ಈಗ ಬದುಕಿರುವ ಅತಿ ದೊಡ್ಡ ದಂಶಕ ಕ್ಯಾಪಿಬಾರಾ ಸಾಮಾನ್ಯವಾಗಿ 50-60 ಕೆ.ಜಿ.ಯ ಆಸುಪಾಸು.

ಒಂದು ಕಡೆ ಸಾವಿರ ಕೆ.ಜಿ. ಎಂದಿದೆ, ಇನ್ನೊಂದು ಕಡೆ 350. ವಿಜ್ಞಾನಿಗಳೇ ಹೀಗೆಂದರೆ ನಾವು ಯಾವುದನ್ನು ನಂಬುವುದು?

ತಕ್ಕಡಿಗೆ ಹಾಕಲು ಪ್ರಾಣಿ ಇಲ್ಲ. ಬುರುಡೆಯ ಉದ್ದವೋ ಹಲ್ಲಿನ ಅಗಲವೋ ಅಳೆದು, ಬದುಕಿರುವ ದಂಶಕಗಳಲ್ಲಿ ಆ ಅಳತೆಗೂ ತೂಕಕ್ಕೂ ಇರುವ ಸಂಬಂಧವನ್ನು ಮುಂದಕ್ಕೆ ಎಳೆದು ಲೆಕ್ಕ ಹಾಕುತ್ತಾರೆ. ತೊಡಕು ಇರುವುದು ಈ ಎಳೆತದಲ್ಲೇ. ಬದುಕಿರುವ ಮಾದರಿಗಳು ಕ್ಯಾಪಿಬಾರಾದ ತೂಕಕ್ಕೆ ಮುಗಿದುಹೋಗುತ್ತವೆ. ಅಲ್ಲಿಂದ ಮುಂದಿನ ಗೆರೆಗೆ ಆಧಾರದ ಕಂಬವಿಲ್ಲ. ತಲೆ ದೊಡ್ಡದಾಗಿದ್ದ ಮಾತ್ರಕ್ಕೆ ಮೈಯೂ ಅದೇ ಪ್ರಮಾಣದಲ್ಲಿ ದೊಡ್ಡದಿತ್ತು ಎನ್ನುವಂತಿಲ್ಲ.

2008ರ ಲೇಖನವೇ ಸರಾಸರಿ ಸುಮಾರು ಒಂದು ಟನ್ ಎಂದರೂ ಅಂದಾಜು 468ರಿಂದ 2,586 ಕೆ.ಜಿ.ವರೆಗೆ ಹರಡಿತ್ತು. ಪತ್ರಿಕೆಗಳು ಟನ್ನನ್ನು ಮಾತ್ರ ಎತ್ತಿಕೊಂಡವು. ಅದೇ ವರ್ಷ ಬೇರೆ ಲೆಕ್ಕ ಹಾಕಿದವರು ಸುಮಾರು 350 ಎಂದರು. 2022ರಲ್ಲಿ ರಸೆಲ್ ಎಂಗೆಲ್ಮನ್ ತಲೆಬುರುಡೆ ಕತ್ತಿನ ಮೂಳೆಯ ಮೇಲೆ ಕೂರುವ ಗುಬುಟುಗಳ ಅಗಲವನ್ನು ಅಳೆದು 480 ಕೆ.ಜಿ. ಎಂದರು. ನನಗೆ ಈ ಕೊನೆಯ ದಾರಿ ಹೆಚ್ಚು ಒಪ್ಪಿಗೆ, ಏಕೆಂದರೆ ಆ ಗುಬುಟುಗಳ ಅಳತೆ ಹಲ್ಲು-ಮೂತಿಗಳಂತೆ ತಿನ್ನುವ ಆಹಾರಕ್ಕೆ ತಕ್ಕಂತೆ ಬದಲಾಗುವುದು ಕಡಿಮೆ. 480 ಕೆ.ಜಿ. ಎಂದರೂ ಈವರೆಗೆ ಸಿಕ್ಕ ದಂಶಕಗಳಲ್ಲೆಲ್ಲ ಅದೇ ದೊಡ್ಡದು.

ಅಷ್ಟು ದೊಡ್ಡ ಬಾಚಿಹಲ್ಲಿನಿಂದ ಅದು ಏನು ಮಾಡುತ್ತಿತ್ತು?

ಕಡಿದು ತಿನ್ನುವುದಕ್ಕಷ್ಟೇ ಆಗಿರಲಿಕ್ಕಿಲ್ಲ. ಬುರುಡೆಯನ್ನು ಕಂಪ್ಯೂಟರಿನಲ್ಲಿ ಮರುರೂಪಿಸಿ 2015ರಲ್ಲಿ ನಡೆಸಿದ ಅಧ್ಯಯನದ ಪ್ರಕಾರ ಬಾಚಿಹಲ್ಲಿನ ತುದಿಯಲ್ಲಿ ಕಡಿತದ ಬಲ ಸುಮಾರು 1,389 ನ್ಯೂಟನ್, ಹುಲಿಯ ಕಡಿತಕ್ಕೆ ಹತ್ತಿರ. ಆದರೆ ಹಲ್ಲು ಅದರ ಮೂರು ಪಟ್ಟಿನಷ್ಟು ಒತ್ತಡ ತಾಳುವಂತಿತ್ತು. ತಿನ್ನಲು ಬೇಡದಷ್ಟು ಗಟ್ಟಿತನ ಯಾವುದಕ್ಕೆ? ನೆಲ ಅಗೆದು ಗೆಡ್ಡೆ ಕೀಳಲು, ಕಾದಾಡಲು, ಆನೆ ತನ್ನ ದಂತವನ್ನು ಬಳಸುವ ರೀತಿಯಲ್ಲಿ ಬಳಸಿರಬಹುದು ಎಂಬುದು ಅಧ್ಯಯನ ಮಾಡಿದವರ ಊಹೆ.

ವೆನೆಜುವೆಲಾದಲ್ಲಿ ಸಿಕ್ಕ ದೈತ್ಯದ ಕಥೆ ಏನು? ಅದು ಇದ್ದ ಜಾಗ ಈಗ ಮರುಭೂಮಿಯಂತೆ?

ಫಾಲ್ಕನ್ ರಾಜ್ಯದ ಉರುಮಾಕೊ. ಇಂದು ಕಳ್ಳಿಗಿಡಗಳ, ಬಿಸಿಲು ಸುಡುವ ಬಂಜರು. ಅಲ್ಲಿ ಸಿಕ್ಕ ಸುಮಾರು 80 ಲಕ್ಷ ವರ್ಷ ಹಳೆಯ ಫೋಬರೊಮಿಸ್ ಪ್ಯಾಟರ್ಸೊನಿಯ ಬಹುಪಾಲು ಪೂರ್ಣ ಅಸ್ಥಿಪಂಜರವನ್ನು ಮಾರ್ಸೆಲೊ ಸಾಂಚೆಸ್-ವಿಯಾಗ್ರಾ ಮತ್ತು ಸಂಗಡಿಗರು 2003ರಲ್ಲಿ ವರ್ಣಿಸಿದರು. ಆಗ ಹೇಳಿದ ತೂಕ 700 ಕೆ.ಜಿ.; ಈಚಿನ ಲೆಕ್ಕ ಅದನ್ನು 108ರಿಂದ 200 ಕೆ.ಜಿ.ಗೆ ಇಳಿಸಿದೆ.

ತೂಕಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸುವುದು ಅದರ ನೆರೆಹೊರೆ. ಅದೇ ಪದರಗಳಲ್ಲಿ ಸ್ಟುಪೆಂಡೆಮಿಸ್ ಎಂಬ ಆಮೆ, ಚಿಪ್ಪೇ ಎರಡು ಮೀಟರ್ ಮೀರಿದ್ದು. ಪುರುಸ್ಸಾರಸ್ ಎಂಬ ದೈತ್ಯ ಕೈಮನ್ (ಮೊಸಳೆಯ ಬಂಧು), ಬೆಕ್ಕುಮೀನು, ಸಿಹಿನೀರಿನ ಇತರ ಜೀವಿಗಳು. ಒಣ ಬಯಲಿನಲ್ಲಿ ಇವು ಬದುಕುವಂತಿಲ್ಲ. ದೊಡ್ಡ ನದಿಯೊಂದು ಅಲ್ಲಿ ಕೆರಿಬಿಯನ್ ಸಮುದ್ರ ಸೇರುತ್ತಿತ್ತು; ಜವುಗು, ಹಿನ್ನೀರು, ದಡದ ದಟ್ಟ ಹಸಿರು. ಆಂಡೀಸ್ ಮೇಲೆದ್ದಂತೆ ನದಿಗಳು ದಾರಿ ಬದಲಿಸಿದವು, ನಾಡು ಒಣಗಿತು. ಕೊಲಂಬಿಯಾದ ಲಾ ವೆಂಟಾದ ಕಥೆಯೂ ಹೀಗೆಯೇ: ಇಂದಿನ ಟಟಕೋವಾ ಬೆಂಗಾಡಿನ ಕೆಂಪು ಬೂದು ಮಣ್ಣಿನಿಂದ ಸುಮಾರು 1.3 ಕೋಟಿ ವರ್ಷ ಹಿಂದಿನ ಕಾಡಿನ ಕೋತಿ, ದಂಶಕ, ಮೊಸಳೆಗಳು ಹೊರಬರುತ್ತಿವೆ.

ಮೊಸಳೆಗಳ ನಡುವೆ ಬದುಕಿದ ದೊಡ್ಡ ದಂಶಕ ಬುದ್ಧಿವಂತ ಪ್ರಾಣಿಯೇ ಆಗಿರಬೇಕಲ್ಲ?

ಮಿದುಳು ನೋಡಿದರೆ ಹಾಗನ್ನಿಸುವುದಿಲ್ಲ. ಬ್ರೆಜಿಲ್‌ನ ಆಕ್ರೆ ರಾಜ್ಯದಲ್ಲಿ ಸಿಕ್ಕ ನಿಯೊಎಪಿಬ್ಲೆಮಾ ಎಂಬ ದಂಶಕ ಸುಮಾರು ಒಂದು ಕೋಟಿ ವರ್ಷ ಹಿಂದಿನದು, ತೂಕ 80 ಕೆ.ಜಿ.ಯ ಆಸುಪಾಸು. ಬುರುಡೆಯನ್ನು ಸಿ.ಟಿ. ಸ್ಕ್ಯಾನ್ ಮಾಡಿ 2020ರಲ್ಲಿ ಲೆಕ್ಕ ಹಾಕಿದಾಗ ಮಿದುಳು 47 ಗ್ರಾಂ. ಆ ದೇಹಕ್ಕೆ ಬಹಳ ಚಿಕ್ಕದು. ಬೆಕ್ಕು, ನಾಯಿ, ಕರಡಿಗಳ ಬಳಗದ ಬೇಟೆಗಾರರು ಆಗ ಆ ಖಂಡಕ್ಕೆ ಹೆಚ್ಚುಕಡಿಮೆ ಬಂದೇ ಇರಲಿಲ್ಲ. ಮಿದುಳನ್ನು ಸಾಕುವುದು ದುಬಾರಿ, ಅಷ್ಟು ಚುರುಕು ಬೇಕಾಗಲಿಲ್ಲ ಎನ್ನುವುದು ಸಂಶೋಧಕರ ವಿವರಣೆ. ಅಲ್ಲೂ ಪುರುಸ್ಸಾರಸ್ ಇತ್ತೆಂಬುದನ್ನು ನೆನೆದರೆ ಈ ವಿವರಣೆ ನನಗೆ ಅರ್ಧ ಮಾತ್ರ ರುಚಿಸುತ್ತದೆ.

ಹಾಗಾದರೆ ಅವೆಲ್ಲ ಏಕೆ ಅಳಿದವು? ಉತ್ತರದ ಹುಲಿ-ಚಿರತೆಗಳು ಬಂದು ತಿಂದುಹಾಕಿದವೇ?

ಸುಲಭದ ಉತ್ತರ ಅದು, ಸಾಲದ ಉತ್ತರವೂ ಹೌದು. ಸುಮಾರು 30 ಲಕ್ಷ ವರ್ಷದ ಹಿಂದೆ ಪನಾಮ ಭೂಸೇತುವೆ ಕೂಡಿಕೊಂಡ ಮೇಲೆ ಬೇಟೆಗಾರರೂ ಹೊಸ ಸಸ್ಯಾಹಾರಿಗಳೂ ಬಂದದ್ದು ಸರಿ. ಆದರೆ ಉರುಮಾಕೊದ ದೈತ್ಯರು ಅದಕ್ಕೆ ಬಹಳ ಮೊದಲೇ, ಜೌಗು ನಾಡು ಒಣಗಿದಾಗ ಮರೆಯಾಗಿದ್ದವು. ಸಂಚಾರ ಒಮ್ಮುಖವೂ ಆಗಿರಲಿಲ್ಲ. ಕ್ಯಾಪಿಬಾರಾದ ಬಂಧು ನಿಯೊಕೀರಸ್ ಉತ್ತರಕ್ಕೆ ಹೋಗಿ ಫ್ಲಾರಿಡಾದಲ್ಲಿ ನೆಲೆಸಿ, ಹಿಮಯುಗದ ಕೊನೆಯವರೆಗೂ ಬಾಳಿತು. ಕೆನಡಾದವರೆಗೂ ಇಂದು ಹರಡಿರುವ ಮುಳ್ಳುಹಂದಿ ದಕ್ಷಿಣದ ವಲಸೆಗಾರನೇ.

## ಹಲ್ಲು ಮತ್ತು ಹವೆ

ಹಲ್ಲು ಉದ್ದವಾಗಿದ್ದರೆ ಹುಲ್ಲುಗಾವಲು ಇತ್ತು ಎಂದರ್ಥವೇ? ಎಲ್ಲ ಕಡೆ ಹಾಗೆಯೇ ಬರೆದಿರುತ್ತಾರೆ.

ಬರೆದಿರುತ್ತಾರೆ, ಆದರೆ ದಕ್ಷಿಣ ಅಮೆರಿಕವೇ ಆ ಸೂತ್ರವನ್ನು ಅಲ್ಲಾಡಿಸಿದ್ದು.

ಸೂತ್ರ ಹುಟ್ಟಿದ್ದು ಹೀಗೆ. ಎಲೆ, ಹಣ್ಣು ತಿನ್ನುವ ಪ್ರಾಣಿಗೆ ಗಿಡ್ಡ ದವಡೆಹಲ್ಲು ಸಾಕು. ಹುಲ್ಲಿನಲ್ಲಿ ಸಿಲಿಕಾ ಇರುತ್ತದೆ, ನೆಲದ ಮರಳೂ ಅಂಟಿರುತ್ತದೆ. ಹಲ್ಲು ಬೇಗ ಸವೆಯುತ್ತದೆ. ಆದ್ದರಿಂದ ಹುಲ್ಲು ಮೇಯುವವುಗಳಲ್ಲಿ ಹಲ್ಲಿನ ಎತ್ತರ ಹೆಚ್ಚುತ್ತದೆ, ಕೆಲವದರಲ್ಲಿ ಬೇರೇ ಮೂಡದೆ ಹಲ್ಲು ಸಾಯುವವರೆಗೂ ಬೆಳೆಯುತ್ತದೆ. ಗಿನಿ ಪಿಗ್, ಚಿಂಚಿಲ್ಲಾ, ಕ್ಯಾಪಿಬಾರಾಗಳದು ಅಂಥ ದವಡೆಹಲ್ಲು.

1980ರ ದಶಕದ ಕೊನೆಯಲ್ಲಿ ಚಿಲಿಯ ಆಂಡೀಸ್‌ನ ಟಿಂಗಿರಿರಿಕಾ ಕಣಿವೆಯಲ್ಲಿ, ಟೆರ್ಮಾಸ್ ಡೆಲ್ ಫ್ಲಾಕೊ ಹತ್ತಿರ, ಜಾನ್ ಫ್ಲಿನ್, ಆಂಡ್ರೆ ವೈಸ್, ರೇನಾಲ್ಡೊ ಚರಿಯೆ ಒಂದು ಹೊಸ ಪ್ರಾಣಿಸಮೂಹ ಕಂಡರು. ವಯಸ್ಸು ಸುಮಾರು 3.2 ಕೋಟಿ ವರ್ಷ. ಅಲ್ಲಿನ ಸಸ್ಯಾಹಾರಿಗಳಲ್ಲಿ ಎತ್ತರದ ಹಲ್ಲಿನವು ಹೆಚ್ಚು. ಚಿಂಚಿಲ್ಲಾ ಕುಟುಂಬದ ಅತಿ ಹಳೆಯ ಸದಸ್ಯರಲ್ಲೊಂದಾದ ಇಯೊವಿಸ್ಕಾಚಿಯಾ ಕೂಡ ಅಲ್ಲಿಯದೇ. ಅಲ್ಲಿ ಸಿಕ್ಕ ಅದರ ಪ್ರಭೇದಕ್ಕೆ 2012ರಲ್ಲಿ ಹೆಸರಿಟ್ಟರು. ಕೊಂಟಮಾನದ ಮಳೆಕಾಡಿನ ಗಿಡ್ಡ ಹಲ್ಲುಗಳಿಂದ ಇಲ್ಲಿಗೆ ಬರಲು ಒಂದು ಕೋಟಿ ವರ್ಷವೂ ಬೇಕಾಗಲಿಲ್ಲ. ಭೂಮಿ ತಣ್ಣಗಾಗುತ್ತಿದ್ದ ಕಾಲ. ಲೋಕದ ಮೊದಲ ತೆರೆದ ಹುಲ್ಲು ಬಯಲುಗಳು ಇಲ್ಲಿದ್ದವು ಎಂಬ ಮಾತು ಹುಟ್ಟಿಕೊಂಡಿತು.

ಆಮೇಲೆ ಕ್ಯಾರೊಲಿನ್ ಸ್ಟ್ರಾಂಬರ್ಗ್ ಮತ್ತು ಸಂಗಡಿಗರು ಅರ್ಜೆಂಟೀನಾದ ಚುಬುತ್ ಪ್ರಾಂತ್ಯದ ಗ್ರಾನ್ ಬರಾಂಕಾದಲ್ಲಿ ಹಲ್ಲುಗಳನ್ನು ಬಿಟ್ಟು ಗಿಡಗಳನ್ನೇ ಕೇಳಿದರು. ಎಲೆಗಳೊಳಗೆ ಗಾಜಿನಂಥ ಸಿಲಿಕಾ ಕಣಗಳು ರೂಪುಗೊಳ್ಳುತ್ತವೆ. ಎಲೆ ಕೊಳೆತರೂ ಕಣ ಮಣ್ಣಿನಲ್ಲಿ ಉಳಿಯುತ್ತದೆ, ಆಕಾರ ನೋಡಿ ಹುಲ್ಲಿನದೋ ತಾಳೆಯದೋ ಹೇಳಬಹುದು. ಎತ್ತರದ ಹಲ್ಲಿನ ಪ್ರಾಣಿಗಳು ಓಡಾಡುತ್ತಿದ್ದ ಆ ಕಾಲದಲ್ಲಿ ಅಲ್ಲಿ ಹುಲ್ಲುಗಾವಲಿರಲಿಲ್ಲ, ತಾಳೆಗಳಿದ್ದ ಕಾಡು ಇತ್ತು ಎಂದು 2013ರಲ್ಲಿ ಪ್ರಕಟವಾಯಿತು. ಹಾಗಾದರೆ ಹಲ್ಲು ಸವೆಸಿದ್ದು ಯಾವುದು? ಜ್ವಾಲಾಮುಖಿಗಳ ಬೂದಿ, ಗಾಳಿ ಹೊತ್ತು ತಂದ ದೂಳು. ಎಲೆಯ ಮೇಲೆ ಕೂತ ಬೂದಿಯನ್ನು ತಿನ್ನುವ ಪ್ರಾಣಿ ತೊಳೆದು ತಿನ್ನುವುದಿಲ್ಲವಲ್ಲ.

ಹೀಗಾಗಿ ಎತ್ತರದ ಹಲ್ಲು ಎಂದರೆ ಮೇವಿನ ಜೊತೆ ಕಣಕಣ ಸೇರುತ್ತಿತ್ತು ಎಂದಷ್ಟೇ ಧೈರ್ಯವಾಗಿ ಹೇಳಬಹುದು. ಆ ಕಣ ಹುಲ್ಲಿನದೋ ಬೂದಿಯದೋ ಎಂಬುದಕ್ಕೆ ಎರಡನೆಯ ಸಾಕ್ಷಿ ಬೇಕು.

ಡಾರ್ವಿನ್‌ಗೂ ಈ ದಂಶಕಗಳಿಗೂ ಏನು ಸಂಬಂಧ?

1832ರಲ್ಲಿ ಬೀಗಲ್ ಹಡಗಿನ ಪಯಣದಲ್ಲಿ ಅರ್ಜೆಂಟೀನಾದ ಬಹಿಯಾ ಬ್ಲಾಂಕಾ ಬಳಿಯ ಮೊಂಟೆ ಎರ್ಮೊಸೊದಲ್ಲಿ ಅವನು ದಂಶಕಗಳ ಪಳೆಯುಳಿಕೆ ಆಯ್ದ. ಒಂದು ಟುಕೊಟುಕೊವನ್ನು ಹೋಲುತ್ತಿತ್ತು, ಆದರೆ ಅದೇ ಅಲ್ಲ. ಇಂದು ಅದನ್ನು ಆಕ್ಟೆನೊಮಿಸ್ ಎನ್ನುತ್ತಾರೆ. ಅಳಿದ ಪ್ರಾಣಿಗಳು ಅದೇ ನೆಲದಲ್ಲಿ ಈಗ ಬದುಕಿರುವವುಗಳನ್ನೇ ಏಕೆ ಹೋಲಬೇಕು ಎಂಬ ಪ್ರಶ್ನೆ ಅವನ ತಲೆಯಲ್ಲಿ ಉಳಿದದ್ದು ಇಂಥ ಎಲುಬುಗಳಿಂದ. ಜನ ದೈತ್ಯ ಸ್ಲಾತ್‌ಗಳನ್ನೇ ನೆನೆಯುತ್ತಾರೆ. ದಂಶಕಕ್ಕೆ ಪಾಲು ಕೊಡುವವರು ಕಡಿಮೆ.

ಬಿಲ ತೋಡುವ ಪ್ರಾಣಿ ಹಳೆಯ ಪದರದೊಳಗೆ ಹೋಗಿ ಸತ್ತರೆ ವಯಸ್ಸಿನ ಲೆಕ್ಕವೆಲ್ಲ ತಲೆಕೆಳಗಾಗುವುದಿಲ್ಲವೇ?

ಆಗುತ್ತದೆ. ಟುಕೊಟುಕೊದಂಥವು ಮೀಟರುಗಟ್ಟಲೆ ಸುರಂಗ ಕೊರೆಯುತ್ತವೆ, ಮೇಲಿನ ಕಾಲದ ಎಲುಬು ಕೆಳಗಿನ ಕಾಲದ ಮಣ್ಣಿಗೆ ಇಳಿಯುತ್ತದೆ. ಆದ್ದರಿಂದ ಅಗೆಯುವಾಗ ಎಲುಬಿಗಿಂತ ಮೊದಲು ಅದರ ಸುತ್ತಲಿನ ಮಣ್ಣನ್ನು ನೋಡಬೇಕು: ಬಣ್ಣ ಬೇರೆಯೇ, ಸಡಿಲವಾಗಿದೆಯೇ, ಗುಂಡನೆಯ ಅಂಚು ಕಾಣುತ್ತದೆಯೇ. ಮಾರ್ ಡೆಲ್ ಪ್ಲಾಟಾ ಕಡಲತೀರದ ಬಂಡೆಗಳಲ್ಲಿ ಬೇರೆ ಮಣ್ಣು ತುಂಬಿ ಗಟ್ಟಿಯಾದ ಬಿಲಗಳು, ಒಳಗೆ ಅದರ ಒಡೆಯ ಆಕ್ಟೆನೊಮಿಸ್ ಸಮೇತ ಸಿಕ್ಕಿವೆ. ಅಲ್ಲಿ ಬಿಲವೇ ಪುರಾವೆ: ಅಗೆಯಲು ಬರುವ ಒಣ ನೆಲವಿತ್ತು, ನೀರು ನಿಲ್ಲುತ್ತಿರಲಿಲ್ಲ.

ಇನ್ನೊಂದು ತೊಡಕು ವಿಸ್ಕಾಚಾದ್ದು. ಪಂಪಾಸ್ ಬಯಲಿನ ಈ ದಂಶಕ ಸುತ್ತಮುತ್ತ ಸಿಕ್ಕ ಎಲುಬು, ಕಲ್ಲು, ಒಣ ಸಗಣಿ ಎಲ್ಲವನ್ನೂ ಎಳೆದು ತಂದು ಬಿಲದ ಬಾಯಲ್ಲಿ ರಾಶಿ ಹಾಕುತ್ತದೆ. ಕತ್ತಲಲ್ಲಿ ಕುದುರೆಯ ಮೇಲೆ ಹೋಗುವಾಗ ಗಡಿಯಾರ ಬೀಳಿಸಿಕೊಂಡ ಒಬ್ಬ, ಮರುದಿನ ದಾರಿಯುದ್ದಕ್ಕೂ ವಿಸ್ಕಾಚಾ ಬಿಲಗಳನ್ನು ಹುಡುಕಿ ಅದನ್ನು ಪಡೆದ ಎಂದು ಡಾರ್ವಿನ್ ಬರೆದಿದ್ದಾನೆ. ಗಡಿಯಾರದ ಬದಲು ಪಳೆಯುಳಿಕೆಯ ಚೂರೆಂದುಕೊಳ್ಳಿ: ಅದು ಮೊದಲು ಎಲ್ಲಿತ್ತೆಂದು ಯಾರು ಹೇಳಬೇಕು?

ಗೂಬೆಗಳು ಪಳೆಯುಳಿಕೆ ಮಾಡುತ್ತವೆ ಎಂದು ಓದಿದೆ. ಅರ್ಥವಾಗಲಿಲ್ಲ.

ಗೂಬೆ ಇಲಿಯನ್ನು ಇಡಿಯಾಗಿ ನುಂಗಿ, ಜೀರ್ಣವಾಗದ ಕೂದಲು ಮತ್ತು ಎಲುಬುಗಳನ್ನು ಉಂಡೆ ಮಾಡಿ ಉಗುಳುತ್ತದೆ. ಗುಹೆಯಲ್ಲಿ ಒಂದೇ ಅಟ್ಟದ ಮೇಲೆ ತಲೆಮಾರುಗಟ್ಟಲೆ ಗೂಬೆಗಳು ಕೂತರೆ ಕೆಳಗೆ ಸಾವಿರಾರು ದವಡೆಗಳ ಪದರ. ಸಂಶೋಧಕರ ಪಾಲಿಗೆ ಖಜಾನೆ, ಆದರೆ ಗೂಬೆ ಆರಿಸಿದ ಖಜಾನೆ: ಹಗಲು ಓಡಾಡುವ ಪ್ರಾಣಿ, ಅದರ ಬಾಯಿಗೆ ಮೀರಿದ ಪ್ರಾಣಿ ಅಲ್ಲಿರುವುದಿಲ್ಲ. ಹೊಟ್ಟೆಯ ಆಮ್ಲ ಎನಾಮೆಲನ್ನು ಎಷ್ಟು ತಿಂದಿದೆ ಎಂಬುದರಿಂದ ನುಂಗಿದ್ದು ಯಾವ ಬಗೆಯ ಬೇಟೆಗಾರ ಎಂದು ಊಹಿಸಬಹುದು.

ಹಲ್ಲು, ಎಲುಬು ಬಿಟ್ಟು ದಂಶಕಗಳು ಬೇರೆ ಏನನ್ನಾದರೂ ಬಿಟ್ಟುಹೋಗಿವೆಯೇ?

ಮೂತ್ರ. ಚಿಲಿಯ ಅಟಕಾಮಾ ಮರುಭೂಮಿಯಲ್ಲಿ ಎಲೆಕಿವಿ ಇಲಿ, ಚಿಂಚಿಲ್ಲಾ ಇಲಿ, ಬೆಟ್ಟದ ವಿಸ್ಕಾಚಾ ಮೊದಲಾದವು ಬಂಡೆಯ ಸಂದುಗಳಲ್ಲಿ ಗೂಡು ಮಾಡಿ, ಸುತ್ತಲಿನ ಎಲೆ, ಕಡ್ಡಿ, ಬೀಜ ತಂದು ಪೇರಿಸುತ್ತವೆ. ಅದರ ಮೇಲೆ ಮೂತ್ರ ಬಿದ್ದು, ಆ ಒಣ ಹವೆಯಲ್ಲಿ ಹರಳುಗಟ್ಟಿ, ಹೊಳೆಯುವ ಕಪ್ಪು-ಕಂದು ಗಟ್ಟಿಯಾಗುತ್ತದೆ. ಮಳೆ ತಾಗದ ಸಂದಿನಲ್ಲಿ ಅದು ಹತ್ತಾರು ಸಾವಿರ ವರ್ಷ ಹಾಗೆಯೇ ಇರುತ್ತದೆ. ಪ್ರಯೋಗಾಲಯದಲ್ಲಿ ನೀರಿನಲ್ಲಿ ನೆನೆಹಾಕಿದರೆ ಮೂತ್ರ ಕರಗಿ, ಎಲೆ, ಹುಲ್ಲಿನ ತೆನೆ, ಹಿಕ್ಕೆ, ಕೀಟದ ರೆಕ್ಕೆ ಬಿಡಿಬಿಡಿಯಾಗಿ ಹೊರಬರುತ್ತವೆ. ರೇಡಿಯೊಕಾರ್ಬನ್‌ನಿಂದ ಕಾಲ ಗೊತ್ತುಮಾಡುತ್ತಾರೆ.

ಇಂಥ ಗಟ್ಟಿಗಳಿಂದ ಕ್ಲಾಡಿಯೊ ಲಟೋರೆ, ಹುಲಿಯೊ ಬೆಟನ್‌ಕೋರ್ಟ್ ಮೊದಲಾದವರು ಅಟಕಾಮಾದ ಹಿಮಯುಗಾಂತ್ಯದ ಮಳೆಯ ಚರಿತ್ರೆ ಕಟ್ಟಿದ್ದಾರೆ. ಇಂದು ಒಂದು ಕಡ್ಡಿ ಹಸಿರಿಲ್ಲದ ಇಳಿಜಾರುಗಳಲ್ಲಿ ಹಿಮಯುಗ ಮುಗಿಯುತ್ತಿದ್ದ ಸಾವಿರಾರು ವರ್ಷ ಹುಲ್ಲು ಬೆಳೆದಿತ್ತು, ಈಗ ಬೆಟ್ಟದ ಮೇಲೆ ಮಾತ್ರ ಇರುವ ಗಿಡಗಳು ಕೆಳಗಿಳಿದಿದ್ದವು. 11,700 ವರ್ಷ ಹಳೆಯ ಒಂದು ಗಟ್ಟಿಯಿಂದ ಡಿಎನ್‌ಎ ಕೂಡ ಸಿಕ್ಕಿದೆ: ಗೂಡು ಕಟ್ಟಿದ ಎಲೆಕಿವಿ ಇಲಿಯದು, ಜೊತೆಗೆ ಅದು ಹೊತ್ತು ತಂದ ಗಿಡಗಳದ್ದು.